ಇಲಿಯಲ್ಲಿ ಕಾಮಾಲೆಯ ಜಾಡು

ಚರಂಡಿಯ ಇಲಿ ಬಯಲಿಗೆ ಬಂದರೂ ಬೀದಿಯ ನಡುವೆ ಓಡುವುದಿಲ್ಲ, ಗೋಡೆಯ ಬುಡಕ್ಕೆ ಮೈ ತಾಗಿಸಿಕೊಂಡೇ ಓಡುತ್ತದೆ. ದಿನವೂ ಅದೇ ದಾರಿ. ಮೈಯ ಜಿಡ್ಡು ತಾಗಿ ತಾಗಿ ಗೋಡೆಯ ಮೇಲೆ ಕಪ್ಪು ಪಟ್ಟೆಯೊಂದು ಮೂಡಿರುತ್ತದೆ. ಸಂಶೋಧನೆಗಾಗಿ ಇಲಿ ಹಿಡಿಯುವವರು ಮೊದಲು ಹುಡುಕುವುದು ಆ ಪಟ್ಟೆಯನ್ನು. ಬೋನನ್ನು ಅದರ ಪಕ್ಕದಲ್ಲಿ, ಬಾಯಿ ಆ ದಾರಿಗೆ ತೆರೆದಿರುವಂತೆ ಇಡುತ್ತಾರೆ. ಮೊದಲ ರಾತ್ರಿಯೇ ಹಿಡಿದುಬಿಡುವ ಆತುರ ಅವರಿಗಿಲ್ಲ. ಹೊಸ ವಸ್ತು ಕಂಡರೆ ಇಲಿಗೆ ಅನುಮಾನ. ಅದಕ್ಕಾಗಿ ಕೆಲವು ರಾತ್ರಿ ಬಾಗಿಲು ಬೀಳದ ಹಾಗೆ ಕಟ್ಟಿ, ಬರೀ ತಿಂಡಿ ಇಟ್ಟು ರೂಢಿ ಮಾಡಿಸುತ್ತಾರೆ. ಅಂಜಿಕೆ ಬಿಟ್ಟು ತಿನ್ನತೊಡಗಿದ ಮೇಲೆ ಒಂದು ಸಂಜೆ ಬೋನನ್ನು ನಿಜವಾಗಿ ಹೂಡುತ್ತಾರೆ. ಬೆಳಕು ಹರಿಯುವಷ್ಟರಲ್ಲಿ ಹೋಗಿ ನೋಡಲೇಬೇಕು. ಬಿಸಿಲೇರಿದರೆ ತಗಡಿನ ಬೋನಿನೊಳಗೆ ಸಿಕ್ಕಿದ ಜೀವ ಉಳಿಯುವುದಿಲ್ಲ. ಸತ್ತು ಗಂಟೆಗಟ್ಟಲೆ ಬಿದ್ದ ಇಲಿಯ ಯಕೃತ್ತಿನಿಂದ ನಂಬಬಹುದಾದ ಸಾಕ್ಷ್ಯವೂ ಹೆಚ್ಚು ಸಿಗುವುದಿಲ್ಲ.

ಬೇಕಾಗಿರುವುದು ಆ ಯಕೃತ್ತೇ, ನಾವು ಮಾತಿನಲ್ಲಿ ಲಿವರ್ ಅನ್ನುತ್ತೇವಲ್ಲ ಅದು. ಮನುಷ್ಯನ ಯಕೃತ್ತಿಗೆ ಉರಿಯೂತ ತರುವ ಮುಖ್ಯ ವೈರಸ್‌ಗಳು ಐದು: ಹೆಪಟೈಟಿಸ್ ಎ, ಬಿ, ಸಿ, ಡಿ, ಇ. ಐದಕ್ಕೂ ಒಂದೇ ಹೆಸರಿದ್ದರೂ ಅವು ಬೇರೆ ಬೇರೆ ಕುಲದವು. ಎ ಮತ್ತು ಇ ಕೊಳೆನೀರು, ಕೆಟ್ಟ ಆಹಾರದ ಮೂಲಕ ಹೊಟ್ಟೆ ಸೇರುತ್ತವೆ. ಬಿ, ಸಿ, ಡಿ ಮುಖ್ಯವಾಗಿ ರಕ್ತದ ಮೂಲಕ ದಾಟುತ್ತವೆ. ಕಣ್ಣು ಹಳದಿಯಾಯಿತೆಂದು ಆಸ್ಪತ್ರೆಗೆ ಬಂದವರಲ್ಲಿ ಯಾವುದಿದೆ ಎಂದು ಇವತ್ತು ಒಂದೆರಡು ದಿನದಲ್ಲಿ ಹೇಳಬಹುದು. ಆದರೆ ಈ ವೈರಸ್‌ಗಳು ಮನುಷ್ಯನನ್ನು ಹೊಕ್ಕಿದ್ದು ಎಲ್ಲಿಂದ? ಈಗಲೂ ಯಾವ ಕಾಡುಪ್ರಾಣಿಯಲ್ಲಿ, ಯಾವ ಚರಂಡಿಯ ಇಲಿಯಲ್ಲಿ ಅವುಗಳ ಬಳಗ ಬದುಕಿಕೊಂಡಿದೆ? ಇದಕ್ಕೆ ಉತ್ತರ ಹುಡುಕುವುದೇ ಒಂದು ಕಸುಬು, ಮತ್ತು ಅದನ್ನು ಮಾಡುವವರ ತಾಳ್ಮೆ ನನ್ನಲ್ಲಿ ದೊಡ್ಡ ಗೌರವ ಹುಟ್ಟಿಸಿದೆ.

ಇಲಿಯಲ್ಲಿ ವೈರಸ್ ಸಿಕ್ಕಿತು ಎನ್ನುವಷ್ಟಕ್ಕೆ ಈ ಕಸುಬು ಮುಗಿಯುವುದಿಲ್ಲ. ಊರಲ್ಲಿ ಇಬ್ಬರ ಮೂಗು ಒಂದೇ ಥರ ಇದ್ದರೆ ಹಿರಿಯರು ಕೇಳುತ್ತಾರೆ, ‘ಇವರು ನಿಮಗೆ ಏನಾಗಬೇಕು?’ ಇಲ್ಲಿಯ ಪ್ರಶ್ನೆಯೂ ಅದೇ. ಈ ಇಲಿಯ ವೈರಸ್ ಮನುಷ್ಯನ ವೈರಸ್ಸಿಗೆ ಏನಾಗಬೇಕು? ನೇರ ಪೂರ್ವಜವೋ, ದೂರದ ದಾಯಾದಿಯೋ, ಅಥವಾ ಮನುಷ್ಯನ ಹೊಲಸಿನಿಂದ ಇಲಿಯ ಹೊಟ್ಟೆಗೆ ಹೋಗಿ ಹಾಗೇ ಹೊರಬಂದದ್ದೋ? ಇಲಿ ಅದಕ್ಕೆ ನಿಜವಾದ ಮನೆಯೋ, ಒಂದು ರಾತ್ರಿಯ ತಂಗುದಾಣವೋ?

ಈ ಕೊನೆಯ ಪ್ರಶ್ನೆಗೆ ಉತ್ತರ ಕತ್ತರಿ ಹಿಡಿದ ಕೈಯಲ್ಲೇ ಶುರುವಾಗುತ್ತದೆ. ಪ್ರತಿ ಪ್ರಾಣಿಗೂ ಒಂದು ಸಂಖ್ಯೆ. ಹಿಡಿದ ಜಾಗ, ದಿನಾಂಕ, ಗಂಡೋ ಹೆಣ್ಣೋ, ತೂಕ, ಮೈಯುದ್ದ, ಬಾಲದುದ್ದ, ಹಿಂಗಾಲಿನ ಪಾದದ ಉದ್ದ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಕಣ್ಣಿಗೆ ಒಂದೇ ಥರ ಕಾಣುವ ಇಲಿಗಳು ಎಷ್ಟೋ ಸಲ ಬೇರೆ ಬೇರೆ ಜಾತಿಯವು, ಆದ್ದರಿಂದ ಆಮೇಲೆ ಪ್ರತಿ ಇಲಿಯ ಜೀನಿನ ಒಂದು ತುಣುಕನ್ನೂ ಓದಿ ಜಾತಿಯನ್ನು ಖಚಿತ ಮಾಡಿಕೊಳ್ಳುತ್ತಾರೆ. ಹೊಟ್ಟೆ ಸೀಳುವಾಗ ಕ್ರಮ ಮುಖ್ಯ. ಮೊದಲು ರಕ್ತ, ಆಮೇಲೆ ಯಕೃತ್ತು ಮತ್ತು ಗುಲ್ಮ, ಎಲ್ಲಕ್ಕಿಂತ ಕೊನೆಗೆ ಕರುಳು. ಕರುಳಿಗೆ ಮೊದಲೇ ಕತ್ತರಿ ತಾಗಿದರೆ ಅದರೊಳಗಿನದೆಲ್ಲ ಯಕೃತ್ತಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಅಲ್ಲಿ ವೈರಸ್ ಸಿಕ್ಕರೂ ನಂಬುವ ಹಾಗಿಲ್ಲ. ಒಂದು ಇಲಿಗೆ ಬಳಸಿದ ಚಿಮಟವನ್ನು ಶುದ್ಧಿ ಮಾಡದೆ ಇನ್ನೊಂದಕ್ಕೆ ಮುಟ್ಟಿಸುವುದಿಲ್ಲ. ಕಡುಗೆಂಪು ಯಕೃತ್ತಿನಿಂದ ಬಟಾಣಿ ಕಾಳಿನಷ್ಟು ಚೂರು ತೆಗೆದು, ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣದ ಪುಟ್ಟ ಸೀಸೆಗೆ ಹಾಕಿ, ಚಳಿಯ ಪೆಟ್ಟಿಗೆಗೆ ಇಳಿಸುತ್ತಾರೆ. ಪ್ರಯೋಗಾಲಯದಲ್ಲಿ ಅದು ಮೈನಸ್ 80 ಡಿಗ್ರಿಯ ಫ್ರೀಜರ್ ಸೇರುತ್ತದೆ. ಮುಖಗವಸು, ಎರಡು ಪದರ ಕೈಗವಸು ಹಾಕಿಕೊಂಡು, ಬಗ್ಗಿ ಕುಳಿತು ಇದನ್ನು ದಿನಕ್ಕೆ ಹತ್ತಾರು ಸಲ ಮಾಡಬೇಕು. ಸಂಖ್ಯೆ ಒಂದು ಅದಲುಬದಲಾದರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಹೆಪಟೈಟಿಸ್ ಇ ವೈರಸ್ಸಿನ ಕತೆಯಲ್ಲಿ ಈ ಕಸುಬಿನ ಬೆಲೆ ಎದ್ದು ಕಾಣುತ್ತದೆ. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಾಬರ್ಟ್ ಪರ್ಸೆಲ್ ಮತ್ತು ಸಂಗಡಿಗರು ಊರಿಲಿಗಳ ರಕ್ತ ಪರೀಕ್ಷಿಸಿದರು. ಹುಡುಕಿದ್ದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ದೇಹ ಕಟ್ಟಿಕೊಳ್ಳುವ ಪ್ರತಿಕಾಯಗಳನ್ನು. ಮೇರಿಲ್ಯಾಂಡ್‌ನ ಇಲಿಗಳಲ್ಲಿ ನೂರಕ್ಕೆ 77, ಹವಾಯಿಯಲ್ಲಿ 90, ಲೂಸಿಯಾನಾದಲ್ಲಿ 44 ಇಲಿಗಳ ರಕ್ತದಲ್ಲಿ ಪ್ರತಿಕಾಯ ಸಿಕ್ಕವು. ಇಲಿಗೆ ವಯಸ್ಸಾದಷ್ಟೂ ಪ್ರಮಾಣ ಹೆಚ್ಚುತ್ತಿತ್ತು. ಅಂದರೆ ಅವು ಬದುಕಿನುದ್ದಕ್ಕೂ ಆ ಸೋಂಕಿನ ನಡುವೆಯೇ ಬೆಳೆಯುತ್ತಿದ್ದವು. ಹೆಜ್ಜೆ ಗುರುತು ಎಲ್ಲೆಡೆ ಇತ್ತು, ಆದರೆ ಹೆಜ್ಜೆ ಇಟ್ಟವನು ಮಾತ್ರ ಸಿಗಲಿಲ್ಲ. ಭಾರತದಲ್ಲೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿದ್ಯಾ ಅರಣಕಲ್ಲೆ ಮತ್ತು ಸಂಗಡಿಗರು ಹಂದಿ, ದನ, ನಾಯಿಗಳ ಜೊತೆಗೆ ಇಲಿಗಳಲ್ಲೂ ಇಂಥ ಪ್ರತಿಕಾಯಗಳನ್ನು 2001ರಲ್ಲಿ ದಾಖಲಿಸಿದರು.

ವೈರಸ್ ಏಕೆ ಸಿಗಲಿಲ್ಲ ಎನ್ನುವುದಕ್ಕೆ ಪಿಸಿಆರ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು. ಕೋವಿಡ್ ಕಾಲದಲ್ಲಿ ಈ ಹೆಸರು ಮನೆಮನೆಗೂ ಗೊತ್ತಾಗಿದೆ. ಇಡೀ ವೈರಸ್ಸನ್ನು ಹುಡುಕುವ ಪರೀಕ್ಷೆ ಅದಲ್ಲ. ವೈರಸ್ಸಿನ ಜೀನೋಮ್‌ನಲ್ಲಿರುವ ಒಂದು ಸಣ್ಣ ಅಕ್ಷರಮಾಲೆಗೆ ಹೊಂದುವ ತುಣುಕನ್ನು, ಅಂದರೆ ಪ್ರೈಮರನ್ನು, ನಾವೇ ಮಾಡಿ ಹಾಕಬೇಕು. ಅದು ಹೊಂದಿ ಕೂತರೆ ಆ ಭಾಗ ಕೋಟಿಗಟ್ಟಲೆ ಪ್ರತಿಯಾಗುತ್ತದೆ, ಕೂರದಿದ್ದರೆ ಏನೂ ಆಗುವುದಿಲ್ಲ. ಪರೀಕ್ಷೆ ‘ಇಲ್ಲ’ ಎನ್ನುತ್ತದೆ. ಮನುಷ್ಯನ ಹೆಪಟೈಟಿಸ್ ಇ ನೋಡಿ ಮಾಡಿದ ಪ್ರೈಮರ್‌ಗೆ, ಅಕ್ಷರಗಳು ಬಹಳಷ್ಟು ಬದಲಾಗಿರುವ ದಾಯಾದಿ ವೈರಸ್ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಪ್ರತಿಕಾಯದ ಪರೀಕ್ಷೆ ಅಷ್ಟು ಬಿಗಿಯಲ್ಲ. ವೈರಸ್ಸಿನ ಹೊರಕವಚ ಸಾಕಷ್ಟು ಹೋಲಿದರೆ ಅದು ‘ಹೌದು’ ಎನ್ನುತ್ತದೆ.

ಬರ್ಲಿನ್ನಿನ ಫೆಡರಲ್ ಅಪಾಯ ಮೌಲ್ಯಮಾಪನ ಸಂಸ್ಥೆಯ ರೈಮಾರ್ ಯೋಹ್ನೆ ಮತ್ತು ಸಂಗಡಿಗರು ಈ ಗಂಟನ್ನು ಬಿಚ್ಚಿದ ರೀತಿ ನನಗೆ ಬಹಳ ಇಷ್ಟ. ಅವರು ಆಗ ಗೊತ್ತಿದ್ದ ಹೆಪಟೈಟಿಸ್ ಇ ತಳಿಗಳನ್ನೆಲ್ಲ, ಕೋಳಿಯ ದೂರದ ದಾಯಾದಿಯನ್ನೂ ಸೇರಿಸಿ, ಒಂದರ ಕೆಳಗೊಂದು ಬರೆದು ನೋಡಿದರು. ವೈರಸ್ ತನ್ನ ಜೀನೋಮನ್ನು ನಕಲು ಮಾಡಿಕೊಳ್ಳಲು ಬಳಸುವ ಕಿಣ್ವದಲ್ಲಿ ಕೆಲವು ಜಾಗಗಳಿವೆ. ಅಲ್ಲಿ ಅಕ್ಷರ ತಪ್ಪಿದರೆ ವೈರಸ್ ಬದುಕುವುದೇ ಇಲ್ಲ, ಹಾಗಾಗಿ ಸಾವಿರಾರು ವರ್ಷ ಕಳೆದರೂ ಇಡೀ ಬಳಗದಲ್ಲಿ ಆ ಜಾಗ ಅಷ್ಟಾಗಿ ಬದಲಾಗುವುದಿಲ್ಲ. ಪ್ರೈಮರನ್ನು ಅಂಥ ಜಾಗಕ್ಕೇ ಮಾಡಬೇಕು. ಅಲ್ಲೂ ಒಂದೆರಡು ಅಕ್ಷರ ಬೇರೆಯಾಗಿದ್ದರೆ, ಆ ಸ್ಥಾನದಲ್ಲಿ ಎರಡು ಮೂರು ಆಯ್ಕೆಗಳಿರುವ ಮಿಶ್ರಣವನ್ನೇ ತಯಾರಿಸಬೇಕು. ಆಯ್ಕೆ ಕಡಿಮೆಯಾದರೆ ಹೊಸ ದಾಯಾದಿ ಕೈತಪ್ಪುತ್ತದೆ, ಹೆಚ್ಚಾದರೆ ಇಲಿಯ ಸ್ವಂತ ಜೀನುಗಳಿಗೂ ಅಂಟಿ ಕಸವೆಲ್ಲ ಬೆಳೆಯುತ್ತದೆ. ಈ ಹದವನ್ನು ಕೈ ಪಳಗಿದವರೇ ಹಿಡಿಯಬೇಕು. ಒಂದು ಸುತ್ತಿನಲ್ಲಿ ಬೆಳೆದದ್ದರ ಒಳಗೇ ಇನ್ನೊಂದು ಸುತ್ತು ನಡೆಸಿದರೆ ತೀರಾ ಕಡಿಮೆ ಇದ್ದ ವೈರಸ್ಸೂ ಕಾಣಿಸಿಕೊಳ್ಳುತ್ತದೆ.

ಈ ವಿಧಾನದಿಂದ ಹ್ಯಾಂಬರ್ಗ್‌ನ ಇಲಿಗಳ ಹಿಕ್ಕೆ ಪರೀಕ್ಷಿಸಿದಾಗ ಎರಡು ಮಾದರಿಗಳಲ್ಲಿ ಹೊಸದೊಂದು ವೈರಸ್ಸಿನ ತುಣುಕು ಸಿಕ್ಕಿತು. ಅಲ್ಲಿಗೇ ಸಂಭ್ರಮಿಸಬಹುದಿತ್ತು, ಆದರೆ ಅವರು ಹಿಕ್ಕೆಯ ಮಾತನ್ನು ಪೂರ್ತಿ ನಂಬಲಿಲ್ಲ. ಚರಂಡಿಯ ಇಲಿ ಏನು ತಿಂದಿರುತ್ತದೋ ಅದೆಲ್ಲ ಹಿಕ್ಕೆಯಲ್ಲಿ ಬರುತ್ತದೆ. ಮತ್ತೆ ಇಲಿ ಹಿಡಿದು, ಯಕೃತ್ತಿನಲ್ಲಿ ಅದೇ ವೈರಸ್ಸನ್ನು ಕಂಡು, ಅಲ್ಲಿಂದಲೇ ಇಡೀ ಜೀನೋಮ್ ಓದಿದರು. 2010ರಲ್ಲಿ ಅದು ಪ್ರಕಟವಾಯಿತು. ಮನುಷ್ಯನ ಹೆಪಟೈಟಿಸ್ ಇ ಜೊತೆ ಅದರ ಹೋಲಿಕೆ ನೂರಕ್ಕೆ 55ರ ಆಸುಪಾಸು. ಅಮೆರಿಕದಲ್ಲಿ ಹೆಜ್ಜೆ ಗುರುತು ಕಂಡ ಹನ್ನೊಂದು ವರ್ಷಗಳ ಮೇಲೆ, ಇಲಿಯನ್ನೇ ಮನೆ ಮಾಡಿಕೊಂಡ ಹೆಪಟೈಟಿಸ್ ಇ ಒಂದಿದೆ ಎಂದು ಗೊತ್ತಾಯಿತು.

ಹಾಗಾದರೆ ಅದು ಮನುಷ್ಯನಿಗೆ ಹತ್ತುತ್ತದೆಯೇ? ಪರ್ಸೆಲ್ ಅವರ ತಂಡ ಲಾಸ್ ಏಂಜಲೀಸ್‌ನ ಇಲಿಗಳಲ್ಲಿ ಈ ವೈರಸ್ಸನ್ನು ಕಂಡು, ಅದನ್ನು ರೀಸಸ್ ಕೋತಿಗಳಿಗೆ ಚುಚ್ಚಿ ನೋಡಿತು. ಕೋತಿಗಳಿಗೆ ಸೋಂಕು ತಗಲಲಿಲ್ಲ. ಅಷ್ಟು ದೂರದ ದಾಯಾದಿ ಮನುಷ್ಯನಿಗೆ ದಾಟಲಾರದು ಎಂದು 2011ರಲ್ಲಿ ನಂಬಲು ಒಳ್ಳೆಯ ಕಾರಣವಿತ್ತು.

2017ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನ 56 ವರ್ಷದ ಒಬ್ಬರಿಗೆ ಯಕೃತ್ತಿನ ಕಸಿ ಆಯಿತು. ದೇಹ ಹೊಸ ಅಂಗವನ್ನು ತಳ್ಳಿಹಾಕದಿರಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಅವರಿಗೆ ನಡೆಯುತ್ತಿತ್ತು. ಕೆಲವು ವಾರಗಳ ಮೇಲೆ ಯಕೃತ್ತಿನ ಪರೀಕ್ಷೆಗಳು ಏರುಪೇರಾದವು, ಮತ್ತೆ ಸರಿಹೋಗಲೇ ಇಲ್ಲ. ಹೆಪಟೈಟಿಸ್ ಇ ಪ್ರತಿಕಾಯ ಪರೀಕ್ಷೆ ‘ಹೌದು’ ಅಂದಿತು, ಪಿಸಿಆರ್ ‘ಇಲ್ಲ’ ಅಂದಿತು. ಮೇರಿಲ್ಯಾಂಡ್‌ನ ಇಲಿಗಳಲ್ಲಿ ಕಂಡಿದ್ದೂ ಇದೇ ಒಗಟು. ಬಹಳ ಕಡೆ ಇಂಥ ವರದಿಯನ್ನು ಪ್ರತಿಕಾಯ ಪರೀಕ್ಷೆಯ ಸುಳ್ಳು ಫಲವೆಂದು ಬದಿಗಿಡುತ್ತಾರೆ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಸಿದ್ಧಾರ್ಥ್ ಶ್ರೀಧರ್ ಮತ್ತು ಸಂಗಡಿಗರು ಬದಿಗಿಡಲಿಲ್ಲ. ಬಳಗವನ್ನೆಲ್ಲ ಹಿಡಿಯಬಲ್ಲ ಪ್ರೈಮರ್ ಬಳಸಿ ಮತ್ತೆ ನೋಡಿದರು, ಸಿಕ್ಕ ತುಣುಕಿನ ಅಕ್ಷರಗಳನ್ನು ಓದಿದರು. ಅದು ಇಲಿಯ ಹೆಪಟೈಟಿಸ್ ಇ ಆಗಿತ್ತು. ಮನುಷ್ಯನ ಕಾಯಿಲೆಗೆ ಅದು ಕಾರಣವೆಂದು ಸಾಬೀತಾದದ್ದು ಜಗತ್ತಿನಲ್ಲೇ ಮೊದಲ ಸಲ.

ಆಮೇಲೂ ಅವರು ಕೈ ಕಟ್ಟಿ ಕೂರಲಿಲ್ಲ. ಕಸಿಯ ಅಂಗದಿಂದಲೇ ಬಂದಿರಬಹುದೇ? ದಾನಿಯ ಮತ್ತು ರಕ್ತ ಕೊಟ್ಟವರ ಮಾದರಿಗಳನ್ನು ಪರೀಕ್ಷಿಸಿದರು, ವೈರಸ್ ಇರಲಿಲ್ಲ. ರೋಗಿ ವಾಸವಿದ್ದ ವಸತಿ ಸಮುಚ್ಚಯದ ಸುತ್ತ ಕಸ ಮತ್ತು ಇಲಿಗಳ ಗುರುತು ಇತ್ತು. ಆ ಪ್ರದೇಶದಲ್ಲಿ ಹಿಂದಿನ ವರ್ಷಗಳಲ್ಲಿ ಹಿಡಿದು ಮಾದರಿ ತೆಗೆದಿಟ್ಟಿದ್ದ ಇಲಿಗಳನ್ನು ಹೊರತೆಗೆದು ನೋಡಿದಾಗ ಒಂದರಲ್ಲಿ ಅದೇ ಬಳಗದ ವೈರಸ್ ಇತ್ತು. ಇಲಿಯಿಂದ ಆ ಮನುಷ್ಯನಿಗೆ ಅದು ಯಾವ ದಾರಿಯಲ್ಲಿ ದಾಟಿತೆಂದು ತೋರಿಸಲು ಯಾರಿಗೂ ಆಗಿಲ್ಲ. ರಿಬಾವಿರಿನ್ ಔಷಧಿಯಿಂದ ರೋಗಿ ವೈರಸ್‌ಮುಕ್ತರಾದರು. 2018ರಲ್ಲಿ ಈ ಸುದ್ದಿ ಹೊರಬಿದ್ದ ಮೇಲೆ ಹಾಂಗ್‌ಕಾಂಗ್‌ನಲ್ಲೂ, ಕೆನಡಾ ಮತ್ತು ಸ್ಪೇನ್‌ನಲ್ಲೂ ಇಂಥ ಪ್ರಕರಣಗಳು ಸಿಕ್ಕವು. ಯಾವ ಪ್ರೈಮರಿನಿಂದ ಹುಡುಕಬೇಕು ಎಂದು ಆಗ ಎಲ್ಲರಿಗೂ ಗೊತ್ತಾಗಿತ್ತು.

ಹೆಪಟೈಟಿಸ್ ಎ ವಿಷಯದಲ್ಲಿ ಕೇಳಿದ್ದು ಪೂರ್ವಜರ ಪ್ರಶ್ನೆ. ಬಹುಕಾಲ ಇದನ್ನು ಮನುಷ್ಯ ಮತ್ತು ಮಂಗಗಳ ವೈರಸ್ ಎಂದೇ ತಿಳಿದಿದ್ದರು. ಜರ್ಮನಿಯ ಯಾನ್ ಫೆಲಿಕ್ಸ್ ಡ್ರೆಕ್ಸ್ಲರ್ ಮತ್ತು ಕ್ರಿಸ್ಟಿಯಾನ್ ಡ್ರಾಸ್ಟನ್ ನೇತೃತ್ವದ ದೊಡ್ಡ ತಂಡ 209 ಜಾತಿಯ ಸಣ್ಣ ಸಸ್ತನಿಗಳ 15,987 ಮಾದರಿಗಳನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಬಾವಲಿ, ಇಲಿ, ಮುಳ್ಳುಹಂದಿಯಂತೆ ಮೈಯೆಲ್ಲ ಮುಳ್ಳಿರುವ ಪುಟ್ಟ ಹೆಜ್‌ಹಾಗ್ ಮತ್ತು ಸೊಂಡಿಲಿಗಳಲ್ಲಿ ಹೆಪಟೈಟಿಸ್ ಎ ಬಳಗದ 13 ಹೊಸ ಪ್ರಭೇದಗಳು ಸಿಕ್ಕವು. ಆ ವೈರಸ್‌ಗಳ ವಂಶವೃಕ್ಷ ಬರೆದು ಹಿಂದಕ್ಕೆ ಹೋದರೆ ಇಡೀ ಬಳಗದ ಮೂಲ ಕೀಟ ತಿನ್ನುವ ಸಣ್ಣ ಸಸ್ತನಿಗಳತ್ತ ಬೊಟ್ಟು ಮಾಡುತ್ತದೆ, ಮನುಷ್ಯನ ಹೆಪಟೈಟಿಸ್ ಎ ಮೂಲ ಇಲಿಗಳ ಗುಂಪಿನತ್ತ. ಇವತ್ತಿನ ಇಲಿಯಿಂದ ನಮಗೆ ಹೆಪಟೈಟಿಸ್ ಎ ಬರುತ್ತದೆ ಎಂದು ಇದರ ಅರ್ಥವಲ್ಲ. ಮನುಷ್ಯನಿಂದ ಮನುಷ್ಯನಿಗೆ ಹರಡುವ ಈ ಕಾಯಿಲೆಯ ಹಳೆಯ ತವರು ಅದು, ಅಷ್ಟೆ.

ಹೆಪಟೈಟಿಸ್ ಸಿ ಮೂಲ ಇನ್ನೂ ಕೈಗೆ ಸಿಕ್ಕಿಲ್ಲ. ಅದೇ ಡ್ರೆಕ್ಸ್ಲರ್ ತಂಡ 2013ರಲ್ಲಿ 41 ಜಾತಿಯ 4,770 ದಂಶಕಗಳನ್ನು ಪರೀಕ್ಷಿಸಿ, ಯುರೋಪಿನ ಕಾಡಿನ ವೋಲ್ ಇಲಿ ಮತ್ತು ದಕ್ಷಿಣ ಆಫ್ರಿಕಾದ ಪಟ್ಟೆ ಇಲಿಯಲ್ಲಿ ಸಿ ಬಳಗದ ವೈರಸ್‌ಗಳನ್ನು ಕಂಡಿತು. ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದವರು ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ 133 ಇಲಿ ಹಿಡಿದಾಗ ಅವುಗಳಲ್ಲೂ ಸಿ ಬಳಗದ ವೈರಸ್‌ಗಳು ಸಿಕ್ಕವು. ಹೆಪಟೈಟಿಸ್ ಸಿ ಗೆ ಇಂದಿಗೂ ಲಸಿಕೆ ಇಲ್ಲದಿರಲು ಒಂದು ದೊಡ್ಡ ಕಾರಣ, ಪ್ರಯೋಗಾಲಯದ ಸಾಮಾನ್ಯ ಪ್ರಾಣಿಗಳಿಗೆ ಅದು ಹತ್ತದಿರುವುದು. ಮ್ಯಾನ್‌ಹಟನ್‌ನ ಬೀದಿಯಿಲಿಯ ಒಂದು ವೈರಸ್ ಆ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿತು. 2017ರಲ್ಲಿ ಅದನ್ನು ಪ್ರಯೋಗಾಲಯದ ಚಿಕ್ಕ ಇಲಿಗಳಲ್ಲಿ, ಅಂದರೆ ಮೌಸ್‌ಗಳಲ್ಲಿ, ಬೆಳೆಸಿ, ದೀರ್ಘಕಾಲದ ಯಕೃತ್ತಿನ ಸೋಂಕನ್ನು ಅಭ್ಯಾಸ ಮಾಡುವ ದಾರಿ ತೆರೆದರು. 2020ರಲ್ಲಿ ನೊಬೆಲ್ ಪಡೆದ ಚಾರ್ಲ್ಸ್ ರೈಸ್ ಆ ತಂಡದಲ್ಲಿದ್ದರು. ಡಿ ಬಳಗದ ವೈರಸ್ಸೊಂದು 2020ರಲ್ಲಿ ಪನಾಮಾದ ಮುಳ್ಳಿಲಿಯಲ್ಲಿ ಸಿಕ್ಕಿದೆ. ಮನುಷ್ಯನಲ್ಲಿ ಡಿ ಗೆ ಹೆಪಟೈಟಿಸ್ ಬಿ ಆಸರೆ ಬೇಕೇ ಬೇಕು, ಆದರೆ ಈ ಇಲಿಗಳಲ್ಲಿ ಬಿ ಬಳಗದ ಯಾವುದೂ ಇರಲಿಲ್ಲ.

ಬಿ ಬಗ್ಗೆ ಮಾತಾಡುವಾಗ ವುಡ್‌ಚಕ್ ಅನ್ನು ನೆನೆಯದಿದ್ದರೆ ಅನ್ಯಾಯ. ಇದು ಉತ್ತರ ಅಮೆರಿಕದ ಪ್ರಾಣಿ, ಅಳಿಲಿನ ಬಳಗಕ್ಕೆ ಸೇರಿದ್ದು, ಬಿಲ ತೋಡಿ ಬದುಕುತ್ತದೆ. ಫಿಲಡೆಲ್ಫಿಯಾ ಮೃಗಾಲಯದಲ್ಲಿ ಸಾಕಿದ್ದ ವುಡ್‌ಚಕ್‌ಗಳು ಯಕೃತ್ತಿನ ಕ್ಯಾನ್ಸರ್‌ನಿಂದ ಸಾಯುವುದನ್ನು ರಾಬರ್ಟ್ ಸ್ನೈಡರ್ ವರ್ಷಗಳ ಕಾಲ ಗಮನಿಸಿ ಬರೆದಿಟ್ಟಿದ್ದರು. 1978ರಲ್ಲಿ ಅವರೂ ಜೆಸ್ಸಿ ಸಮರ್ಸ್ ಮತ್ತು ಸಂಗಡಿಗರೂ ಅವುಗಳ ರಕ್ತದಲ್ಲಿ ಹೆಪಟೈಟಿಸ್ ಬಿ ಹೋಲುವ ವೈರಸ್ಸನ್ನು ಕಂಡರು. ಆ ವೈರಸ್ ಮನುಷ್ಯನ ಕಾಯಿಲೆಯಲ್ಲ. ಆದರೂ ಬಿ ಸೋಂಕು ವರ್ಷಗಟ್ಟಲೆ ಉಳಿದರೆ ಯಕೃತ್ತು ಏನಾಗುತ್ತದೆ ಎಂದು ತೋರಿಸಿಕೊಟ್ಟದ್ದು ಈ ಪ್ರಾಣಿಯೇ. ನಮ್ಮ ಕಡೆ ಕಾಮಾಲೆಗೆ ಕೊಡುವ ನೆಲನೆಲ್ಲಿಯ ಸಾರವನ್ನು 1987ರಲ್ಲಿ ಪಿ. ಎಸ್. ವೆಂಕಟೇಶ್ವರನ್, ಬರೂಚ್ ಬ್ಲಂಬರ್ಗ್ ಮತ್ತು ಸಂಗಡಿಗರು ಪರೀಕ್ಷಿಸಿದ್ದೂ ವುಡ್‌ಚಕ್‌ಗಳ ಮೇಲೆಯೇ. ಅಲ್ಲಿ ಆಸೆ ಹುಟ್ಟಿಸಿದ ಫಲ ಕಂಡಿತು, ಮನುಷ್ಯರಲ್ಲಿ ಮುಂದೆ ನಡೆದ ಹಲವು ಪ್ರಯೋಗಗಳು ಅದನ್ನು ದೃಢಪಡಿಸಲಿಲ್ಲ. 1993ರಲ್ಲಿ ಫಿಯಾಲುರಿಡಿನ್ ಎಂಬ ಹೆಪಟೈಟಿಸ್ ಬಿ ಔಷಧಿಯನ್ನು ಅಮೆರಿಕದಲ್ಲಿ 15 ರೋಗಿಗಳಿಗೆ ಕೊಟ್ಟಾಗ ಐವರು ಸತ್ತರು, ಇಬ್ಬರು ಯಕೃತ್ತಿನ ಕಸಿಯಿಂದ ಬದುಕಿದರು. ಮೊದಲು ಪರೀಕ್ಷಿಸಿದ್ದ ಪ್ರಾಣಿಗಳಲ್ಲಿ ಆ ವಿಷದ ಸುಳಿವೇ ಸಿಕ್ಕಿರಲಿಲ್ಲ. ಆಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದ ಬಡ್ ಟೆನ್ನಂಟ್ ಅದನ್ನು ವುಡ್‌ಚಕ್‌ಗಳಿಗೆ ವಾರಗಟ್ಟಲೆ ಕೊಟ್ಟು ನೋಡಿದಾಗ ಅವುಗಳ ಯಕೃತ್ತೂ ಹಾಗೆಯೇ ಕೆಟ್ಟಿತು. ಅಂದಿನಿಂದ ಬಿ ಔಷಧಿಗಳನ್ನು ಅಳೆಯುವಲ್ಲಿ ಈ ಪ್ರಾಣಿಗೆ ದೊಡ್ಡ ಸ್ಥಾನವಿದೆ.

ನಮ್ಮ ನೆಲಕ್ಕೂ ಈ ಕಸುಬು ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಂಗಗಳನ್ನಷ್ಟೇ ನೋಡಲಿಲ್ಲ. ಕಾಡಿಲಿ, ಸೊಂಡಿಲಿ, ಅಳಿಲುಗಳನ್ನೂ ಹಿಡಿದು ರಕ್ತ ತೆಗೆದರು, ಅವುಗಳ ಮೈಮೇಲಿನ ಉಣ್ಣೆಗಳನ್ನು ಆರಿಸಿದರು. ಮಂಗನ ಕಾಯಿಲೆಯ ವೈರಸ್ ಆ ಸಣ್ಣ ಪ್ರಾಣಿಗಳಲ್ಲೂ ಸಿಕ್ಕಿತು. ಇನ್ನೊಂದು ಉದಾಹರಣೆ ಕಾಮಾಲೆಯದೇ. 1955–56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ಸೇರಿ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. ಎಲ್ಲರೂ ಅದನ್ನು ಹೆಪಟೈಟಿಸ್ ಎ ಎಂದುಕೊಂಡರು. ಆ ರೋಗಿಗಳ ಸೀರಂ ಉಳಿದಿತ್ತು. ಪುಣೆಯ ಖುರ್ಷೀದ್ ಪಾವ್ರಿ ಮತ್ತು ಸಂಗಡಿಗರು ಪರ್ಸೆಲ್ ಅವರ ತಂಡದ ಜೊತೆ ಸೇರಿ ಅದನ್ನು ಪರೀಕ್ಷಿಸಿ, ಅದು ಎ ಯೂ ಅಲ್ಲ, ಬಿ ಯೂ ಅಲ್ಲ ಎಂದು 1980ರಲ್ಲಿ ತೋರಿಸಿದರು. ಇವತ್ತು ನಾವು ಹೆಪಟೈಟಿಸ್ ಇ ಎನ್ನುವುದು ಅದನ್ನೇ. ಆ ಪರೀಕ್ಷೆಗೆ ಸುಮಾರು ಇಪ್ಪತ್ತೈದು ವರ್ಷ ಮೊದಲೇ ಯಾರೋ ಸೀಸೆಗಳ ಮೇಲೆ ಸರಿಯಾಗಿ ಸಂಖ್ಯೆ ಬರೆದು ಶೀತದಲ್ಲಿ ಕಾಪಿಟ್ಟಿದ್ದರಿಂದ ಆ ಉತ್ತರ ಸಾಧ್ಯವಾಯಿತು.

ಆದ್ದರಿಂದ ವೈದ್ಯರಲ್ಲಿ ಮತ್ತು ಪ್ರಯೋಗಾಲಯದವರಲ್ಲಿ ನನ್ನದೊಂದು ಬಿನ್ನಹ. ಕಾಮಾಲೆಯ ರೋಗಿಯಲ್ಲಿ ಹೆಪಟೈಟಿಸ್ ಇ ಪ್ರತಿಕಾಯ ‘ಹೌದು’ ಎಂದು, ಪಿಸಿಆರ್ ‘ಇಲ್ಲ’ ಎಂದು ಬಂದರೆ, ಅದರಲ್ಲೂ ಕಸಿ ಮಾಡಿಸಿಕೊಂಡವರಲ್ಲಿ ಹಾಗೆ ಬಂದರೆ, ಆ ಸೀರಂ ಅನ್ನು ಚೆಲ್ಲಬೇಡಿ. ಇಲಿಯ ತಳಿಯನ್ನೂ ಹಿಡಿಯುವ ಪ್ರೈಮರ್ ಇರುವ ಕಡೆಗೆ ಕಳಿಸಿ. ಪ್ಲೇಗ್ ಕಣ್ಗಾವಲಿಗೆಂದೇ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಘಟಕವೊಂದಿದೆ, ಅದರ ಕೆಲಸವೇ ಇಲಿ ಹಿಡಿದು ಪರೀಕ್ಷಿಸುವುದು. ಇಲಿಜ್ವರದ ಅಧ್ಯಯನಕ್ಕಾಗಿ ಇಲಿ ಹಿಡಿಯುವವರೂ ಇದ್ದಾರೆ. ಹೇಗೂ ಹಿಡಿದ ಇಲಿಯಿಂದ ಯಕೃತ್ತಿನ ಒಂದು ಚೂರನ್ನೂ ತೆಗೆದು, ಊರು ದಿನಾಂಕ ಬರೆದು, ಫ್ರೀಜರಿನಲ್ಲಿಡಿ.